ಕಾದಂಬರಿಯ ವಿಮರ್ಶೆ ಬರೆಯುವುದು ಹೇಗೆ? ಮೊದಲ ಓದಿನಿಂದ ಕೊನೆಯ ತಿದ್ದುಪಡಿಯವರೆಗೆ

“ಲೇಖಕರ ಭಾಷೆ ಸರಳವೂ ಸುಲಲಿತವೂ ಆಗಿದೆ. ಪಾತ್ರಗಳು ಜೀವಂತವಾಗಿವೆ. ಗ್ರಾಮೀಣ ಬದುಕಿನ ಸೊಗಡು ಎದ್ದು ಕಾಣುತ್ತದೆ. ಮುಖಪುಟ ಆಕರ್ಷಕವಾಗಿದೆ. ಅಲ್ಲಲ್ಲಿ ನುಸುಳಿರುವ ಅಚ್ಚಿನ ದೋಷಗಳನ್ನು ಬಿಟ್ಟರೆ ಇದೊಂದು ಸಂಗ್ರಹಯೋಗ್ಯ ಕೃತಿ.”

ಇದು ಯಾವ ಕಾದಂಬರಿಯ ವಿಮರ್ಶೆ? ಹೇಳಲಾಗುವುದಿಲ್ಲ. ಕಳೆದ ವಾರ ಬಿಡುಗಡೆಯಾದದ್ದಕ್ಕೂ ಹೊಂದುತ್ತದೆ, ಐವತ್ತು ವರ್ಷಗಳ ಹಿಂದಿನದಕ್ಕೂ ಹೊಂದುತ್ತದೆ. ಪುಸ್ತಕವನ್ನು ತೆರೆಯದೆಯೇ ಬರೆಯಬಹುದಾದ ವಾಕ್ಯಗಳಿವು. ತೆರೆಯದೆಯೇ ಬರೆಯುವವರೂ ಇಲ್ಲದಿಲ್ಲ.

ಆದ್ದರಿಂದ ಮೊದಲೇ ಒಂದು ಪರೀಕ್ಷೆಯನ್ನು ಹೇಳಿಬಿಡುತ್ತೇನೆ. ನಿಮ್ಮ ವಾಕ್ಯದಲ್ಲಿರುವ ಕಾದಂಬರಿಯ ಹೆಸರನ್ನು ತೆಗೆದು ಇನ್ನೊಂದರ ಹೆಸರನ್ನು ಹಾಕಿ ನೋಡಿ. ಆಗಲೂ ವಾಕ್ಯಕ್ಕೆ ಏನೂ ಆಗದಿದ್ದರೆ ಅದನ್ನು ಹೊಡೆದುಹಾಕಿ. ಆ ಪುಸ್ತಕಕ್ಕೆ ಮಾತ್ರ ಅಂಟಿಕೊಳ್ಳುವ, ಬೇರೆ ಯಾವುದಕ್ಕೂ ಅಂಟದ ಮಾತುಗಳು ಸಿಗುವುದು ಹೇಗೆ ಎನ್ನುವುದೇ ಮುಂದಿನ ಹಂತಗಳ ಉದ್ದೇಶ. ಉದಾಹರಣೆಗೆ ಹೆಚ್ಚಿನವರು ಓದಿರುವ ಒಂದು ಕಾದಂಬರಿಯನ್ನು ಎದುರಿಗಿಟ್ಟುಕೊಳ್ಳೋಣ: ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980). ಅಗತ್ಯ ಬಿದ್ದಾಗ ಬೇರೆ ಕೆಲವನ್ನೂ ಕರೆತರುತ್ತೇನೆ.

1. ಮುನ್ನುಡಿ, ಬೆನ್ನುಡಿಗಳನ್ನು ಪಕ್ಕಕ್ಕಿಡಿ

ಕನ್ನಡದ ಪುಸ್ತಕಗಳು ಒಂಟಿಯಾಗಿ ಬರುವುದು ಕಡಿಮೆ. ಹಿರಿಯರೊಬ್ಬರ ಮುನ್ನುಡಿ, ಗೆಳೆಯರ ಬೆನ್ನುಡಿ, ಪ್ರಕಾಶಕರ ಎರಡು ಮಾತು, ಲೇಖಕರ ಅರಿಕೆ ಎಲ್ಲವನ್ನೂ ದಾಟಿಕೊಂಡು ಕಥೆಗೆ ಬರಬೇಕು. ಇವನ್ನೆಲ್ಲ ಓದಿ ಒಳಗೆ ಹೋದರೆ ಮುನ್ನುಡಿಕಾರರು ಕಂಡದ್ದೇ ನಿಮಗೂ ಕಾಣತೊಡಗುತ್ತದೆ. ನಿಮ್ಮ ವಿಮರ್ಶೆ ಅವರ ಮುನ್ನುಡಿಯ ಸಂಗ್ರಹವಾಗಿ ಮುಗಿಯುತ್ತದೆ. ಪತ್ರಿಕೆಗಳಲ್ಲಿ ಬರುವ ಎಷ್ಟೋ ಪುಸ್ತಕ ಪರಿಚಯಗಳು ಹೀಗೆಯೇ ಹುಟ್ಟುತ್ತವೆ, ಬೆನ್ನುಡಿ ಪಕ್ಕದಲ್ಲಿಟ್ಟುಕೊಂಡು ಓದಿದರೆ ತಿಳಿಯುತ್ತದೆ.

ಮೊದಲು ಕಾದಂಬರಿ, ಆಮೇಲೆ ಉಳಿದದ್ದು. ಇದಕ್ಕೆ ಒಂದು ವಿನಾಯಿತಿ ಇದೆ. ಲೇಖಕರೇ ಕೃತಿಯ ಭಾಗವೆಂಬಂತೆ ಬಾಗಿಲಲ್ಲಿ ಕೆಲವು ಸಾಲುಗಳನ್ನು ಇಟ್ಟಿರುತ್ತಾರೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂಬ ಘೋಷಣೆಯೊಂದಿಗೆ ತೆರೆದುಕೊಳ್ಳುತ್ತದೆ. ಅದನ್ನು ಓದದೆ ಒಳಹೊಕ್ಕು, ಕೊನೆಗೆ ‘ನಾಯಕ ಯಾರೆಂದು ಸ್ಪಷ್ಟವಿಲ್ಲ’ ಎಂದು ದೂರಿದರೆ ತಪ್ಪು ಓದುಗನದು.

2. ಪೆನ್ಸಿಲ್ ಕೈಯಲ್ಲಿರಲಿ

ಮೊದಲ ಓದು ಸುಖಕ್ಕಾಗಿ. ಆದರೆ ಕೈಯಲ್ಲಿ ಪೆನ್ಸಿಲ್ ಇರಲಿ. ಎರವಲು ತಂದ ಪುಸ್ತಕವಾದರೆ ಚೀಟಿಗಳು, ಇ-ಪುಸ್ತಕವಾದರೆ ಮೊಬೈಲಿನ ಗುರುತುಗಳು ಸಾಕು. ಚೆಂದದ ಸಾಲುಗಳ ಕೆಳಗೆ ಗೆರೆ ಎಳೆಯುವುದು ಎಲ್ಲರೂ ಮಾಡುವ ಕೆಲಸ, ಅದರಿಂದ ವಿಮರ್ಶೆಗೆ ಹೆಚ್ಚು ಪ್ರಯೋಜನವಿಲ್ಲ. ನಿಮಗೆ ಏನಾಯಿತು ಎಂಬುದನ್ನು ಗುರುತು ಹಾಕಿ. ಎಲ್ಲಿ ನಕ್ಕಿರಿ, ಎಲ್ಲಿ ಆಕಳಿಸಿದಿರಿ, ಎಲ್ಲಿ ಪುಟವನ್ನು ಹಿಂದಕ್ಕೆ ತಿರುಗಿಸಿದಿರಿ, ಎಲ್ಲಿ ‘ಇದು ಹೀಗೆ ನಡೆಯಲಾರದು’ ಅನ್ನಿಸಿತು. ಪುಟದ ಸಂಖ್ಯೆಯೊಂದಿಗೆ ಎರಡು ಪದ ಬರೆದರೆ ಸಾಕು. ಆಕಳಿಸಿದ ಜಾಗವನ್ನು ಗುರುತು ಮಾಡಲು ಸಂಕೋಚ ಬೇಡ. ದೊಡ್ಡ ಲೇಖಕರ ಪುಸ್ತಕದಲ್ಲಿ ಬೇಸರವಾದರೆ ನಾವು ನಮ್ಮನ್ನೇ ದೂಷಿಸಿಕೊಂಡು ಮುಂದೆ ಹೋಗುತ್ತೇವೆ. ಹಾಗೆ ಮಾಡಬೇಡಿ. ಆ ಬೇಸರಕ್ಕೆ ಕಾರಣ ಪುಸ್ತಕದಲ್ಲಿತ್ತೇ, ಅಂದಿನ ನಿಮ್ಮ ದಣಿವಿನಲ್ಲಿತ್ತೇ ಎಂದು ಎರಡನೆಯ ಓದಿನಲ್ಲಿ ತೀರ್ಮಾನಿಸಬಹುದು.

ಪಾತ್ರಗಳು ದಂಡಿಯಾಗಿರುವ ಕಾದಂಬರಿಯಾದರೆ ಹಿಂದಿನ ರಕ್ಷಾಪುಟದ ಒಳಗೆ ಹೆಸರುಗಳ ಪಟ್ಟಿ ಮಾಡಿಕೊಳ್ಳಿ. ‘ಮಲೆಗಳಲ್ಲಿ ಮದುಮಗಳು’ ಓದುವಾಗ ಸಿಂಬಾವಿ, ಬೆಟ್ಟಳ್ಳಿ, ಹಳೆಮನೆ, ಕೋಣೂರು ಎಂದು ಮನೆ-ಊರುಗಳ ಪ್ರಕಾರ ಹೆಸರುಗಳನ್ನು ಹಂಚಿಕೊಂಡವರು ದಾರಿ ತಪ್ಪುವುದಿಲ್ಲ. ಪಟ್ಟಿ ಮಾಡುತ್ತಾ ಹೋದಂತೆ ಯಾರು ಯಾರ ಜಮೀನಿನಲ್ಲಿ ದುಡಿಯುತ್ತಾರೆ, ಯಾರು ಯಾರ ಮನೆಯ ಹೊರಗೆ ನಿಲ್ಲುತ್ತಾರೆ ಎಂಬುದೂ ಕಣ್ಣಿಗೆ ಬೀಳುತ್ತದೆ. ಎಷ್ಟೋ ಸಲ ವಿಮರ್ಶೆಯ ಎಳೆ ಸಿಗುವುದು ಈ ಪಟ್ಟಿಯಲ್ಲಿಯೇ.

3. ಒಂದು ಪ್ರಶ್ನೆಯನ್ನು ಹುಡುಕಿ

ಓದಿ ಮುಗಿಸಿದ ತಕ್ಷಣ ಬರೆಯಲು ಕೂರಬೇಡಿ. ಪುಸ್ತಕ ಮುಚ್ಚಿದ ಮೇಲೆ ಏನು ಕಾಡುತ್ತಿದೆ ಎಂದು ನೋಡಿ. ‘ಈ ಕಾದಂಬರಿ ಚೆನ್ನಾಗಿದೆಯೇ?’ ಎಂಬುದು ವಿಮರ್ಶೆಯ ಪ್ರಶ್ನೆಯಲ್ಲ. ಅದಕ್ಕೆ ಹೌದು, ಇಲ್ಲ ಎಂಬ ಉತ್ತರ ಕೊಟ್ಟರೆ ಮಾತು ಅಲ್ಲಿಗೆ ನಿಲ್ಲುತ್ತದೆ. ಪುಸ್ತಕದ ಒಳಗಿನ ಒಂದು ಸಂಗತಿ ನಿಮಗೆ ಬಿಡಿಸಲಾಗದೆ ಉಳಿದಿರಬೇಕು. ಅದೇ ನಿಮ್ಮ ಪ್ರಶ್ನೆ.

‘ಕರ್ವಾಲೊ’ವನ್ನೇ ನೋಡೋಣ. ಮೂಡಿಗೆರೆಯ ಸುತ್ತಮುತ್ತಲ ಕಥೆ. ಕೃಷಿಯ ತಾಪತ್ರಯಕ್ಕೆ ಬೇಸತ್ತು ತೋಟ ಮಾರಿಬಿಡೋಣವೇ ಎಂದು ಯೋಚಿಸುವ ಒಬ್ಬ ಕೃಷಿಕ ಕಥೆ ಹೇಳುತ್ತಾನೆ. ಕರ್ವಾಲೊ ಎಂಬ ವಿಜ್ಞಾನಿ ಇದ್ದಾರೆ. ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವ ತಂಡ ಇದೆ. ಆದರೆ ಪುಟಗಳನ್ನು ತುಂಬಿಕೊಂಡವನು ಮಂದಣ್ಣ: ಊರವರ ಲೆಕ್ಕದಲ್ಲಿ ಕೆಲಸಕ್ಕೆ ಬಾರದವನು, ಮದುವೆಗೆ ಹಾತೊರೆಯುವವನು, ಕಳ್ಳಭಟ್ಟಿಯ ಕೇಸಿನಲ್ಲಿ ಸಿಕ್ಕಿಹಾಕಿಕೊಳ್ಳುವವನು. ಹಾಗಿದ್ದ ಮೇಲೆ ಪುಸ್ತಕಕ್ಕೆ ಮಂದಣ್ಣನ ಹೆಸರಿಡದೆ ಕರ್ವಾಲೊ ಹೆಸರಿಟ್ಟದ್ದೇಕೆ?

ಇದು ಒಳ್ಳೆಯ ಪ್ರಶ್ನೆ. ಏಕೆಂದರೆ ಉತ್ತರ ಹುಡುಕಲು ಪುಸ್ತಕದ ಒಳಗೇ ಓಡಾಡಬೇಕಾಗುತ್ತದೆ. ಮಂದಣ್ಣನಲ್ಲಿ ಹುಟ್ಟು ನಿಸರ್ಗವಿಜ್ಞಾನಿ ಇದ್ದಾನೆಂದು ಮೊದಲು ಕಾಣುವವರು ಯಾರು? ಆ ನೋಟ ಇಲ್ಲದಿದ್ದರೆ ಮಂದಣ್ಣ ಊರಿನ ಲೆಕ್ಕಕ್ಕೇ ಉಳಿದುಬಿಡುತ್ತಿದ್ದನೇ? ಓದಿದವರಿಗೆ ಕಾಣದ ಹಾರುವ ಓತಿಯನ್ನು ಕಂಡವನು ಮಂದಣ್ಣ. ಮಂದಣ್ಣನನ್ನು ಕಂಡವರು ಕರ್ವಾಲೊ. ಒಂದು ಪ್ರಶ್ನೆಯ ಬಾಲ ಹಿಡಿದು ಹೊರಟರೆ ಹಾಸ್ಯ, ವಿಜ್ಞಾನ, ಪೊಲೀಸ್ ಕೇಸು, ಮದುವೆ ಎಲ್ಲವೂ ಸಾಲಾಗಿ ಬಂದು ನಿಲ್ಲುತ್ತವೆ. ‘ಪರಿಸರ ಪ್ರಜ್ಞೆಯ ಕಾದಂಬರಿ’ ಎಂದು ಹಣೆಪಟ್ಟಿ ಹಚ್ಚಿ ಹೊರಟವರಿಗೆ ಕಳ್ಳಭಟ್ಟಿಯ ಕೇಸನ್ನು ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ.

ಪ್ರಶ್ನೆ ಸಿಗದೇ ಇದ್ದರೆ ಶೀರ್ಷಿಕೆ, ಮೊದಲ ಪುಟ, ಕೊನೆಯ ಪುಟ ಈ ಮೂರನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಅನವಶ್ಯಕ ಅನ್ನಿಸಿದ ಒಂದು ಪಾತ್ರವನ್ನು ಮನಸ್ಸಿನಲ್ಲೇ ತೆಗೆದುಹಾಕಿ, ಏನು ಕುಸಿಯುತ್ತದೆ ಎಂದು ಕೇಳಿಕೊಳ್ಳಿ. ಏನೂ ಕುಸಿಯದಿದ್ದರೆ ಅದೂ ಬರೆಯಬೇಕಾದ ಮಾತೇ.

4. ಯಾರು ಹೇಳುತ್ತಿದ್ದಾರೆ?

ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ದೊಡ್ಡ ಹಂತ. ಕನ್ನಡದ ವಿಮರ್ಶೆಗಳಲ್ಲಿ ಅತಿ ಹೆಚ್ಚು ಮರೆತುಹೋಗುವುದೂ ಇದೇ. ಕಥೆ ಏನು ಎಂದು ಮೂರು ಪುಟ ಬರೆಯುತ್ತೇವೆ. ಆ ಕಥೆ ಯಾರ ಬಾಯಿಂದ ಬರುತ್ತಿದೆ, ಆ ಬಾಯಿ ಏನನ್ನು ನುಂಗಿಕೊಳ್ಳುತ್ತಿದೆ ಎಂದು ಒಂದು ಸಾಲೂ ಬರೆಯುವುದಿಲ್ಲ.

‘ಕರ್ವಾಲೊ’ವನ್ನು ಕರ್ವಾಲೊ ಅವರೇ ಹೇಳಿದ್ದರೆ ಏನಾಗುತ್ತಿತ್ತು? ಮೊದಲ ಅಧ್ಯಾಯದಲ್ಲೇ ಮಂದಣ್ಣನ ಯೋಗ್ಯತೆ ಬಯಲಾಗುತ್ತಿತ್ತು, ಕುತೂಹಲ ಸಾಯುತ್ತಿತ್ತು. ಮಂದಣ್ಣನೇ ಹೇಳಿದ್ದರೆ ತನ್ನಲ್ಲಿ ವಿಶೇಷ ಇದೆ ಎಂಬುದೇ ಅವನಿಗೆ ಗೊತ್ತಿರುತ್ತಿರಲಿಲ್ಲ. ಕೃಷಿಕ ಇಬ್ಬರ ನಡುವೆ ನಿಂತಿದ್ದಾನೆ. ಇಷ್ಟು ದೊಡ್ಡ ವಿಜ್ಞಾನಿಗೆ ಈ ಮಂದಣ್ಣನೊಂದಿಗೆ ಏನು ವ್ಯವಹಾರ ಎಂದು ಅವನಿಗೆ ಅರ್ಥವಾಗುವುದಿಲ್ಲ; ಅವನ ಗೊಂದಲವೇ ನಮ್ಮ ಗೊಂದಲವೂ ಆಗುತ್ತದೆ. ಜೊತೆಗೆ ಅವನಿಗೆ ತನ್ನನ್ನು ತಾನೇ ಲೇವಡಿ ಮಾಡಿಕೊಳ್ಳುವ ಗುಣವಿದೆ. ಹಾಗಾಗಿ ವಿಕಾಸವಾದದಂಥ ಭಾರದ ಮಾತು ಬಂದರೂ ಅದು ಉಪನ್ಯಾಸವಾಗುವುದಿಲ್ಲ. ‘ತೇಜಸ್ವಿಯವರ ಶೈಲಿ ಲವಲವಿಕೆಯಿಂದ ಕೂಡಿದೆ’ ಎನ್ನುವ ಬದಲು ಆ ಲವಲವಿಕೆ ಈ ನಿರೂಪಕನಿಂದ ಬಂದದ್ದು ಎಂದು ತೋರಿಸಿದರೆ ಮಾತು ‘ಕರ್ವಾಲೊ’ಗೆ ಮಾತ್ರ ಅಂಟುತ್ತದೆ.

ಹೇಳುವವನನ್ನು ನಂಬಲೇಬೇಕು ಎಂಬ ನಿಯಮವೂ ಇಲ್ಲ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಚಿಕ್ಕ ಕಾದಂಬರಿ. ನಿರೂಪಕನಿಗೆ ಹೆಸರೇ ಇಲ್ಲ. ಕಾಫಿ ಹೌಸಿನಲ್ಲಿ ಕೂತು, ವಿನ್ಸೆಂಟ್ ಎಂಬ ವೇಟರನ ಮಾತಿನಲ್ಲಿ ಜ್ಞಾನಿಯ ನುಡಿ ಕೇಳಿಸಿಕೊಳ್ಳುತ್ತಾನೆ. ಮನೆಯ ಸಂಪತ್ತು ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಬಂದದ್ದು; ಇವನು ಮಾಡುವ ಕೆಲಸ ಏನೂ ಇಲ್ಲ. ಮಾತು ಸೌಮ್ಯ, ಸಂಕೋಚದ ಸ್ವಭಾವ, ಯಾರಿಗೂ ಕೆಡುಕು ಬಯಸದವನಂತೆ ಕಾಣುತ್ತಾನೆ. ಒಂದು ದಿನ ಚಿಕ್ಕಪ್ಪನನ್ನು ಹುಡುಕಿಕೊಂಡು ಹೆಂಗಸೊಬ್ಬಳು ಅಡುಗೆ ಮಾಡಿಕೊಂಡು ಬಾಗಿಲಿಗೆ ಬರುತ್ತಾಳೆ. ಮನೆಯ ಹೆಂಗಸರು ಅವಳನ್ನು ಬೈದು ಓಡಿಸುತ್ತಾರೆ. ಸೌಮ್ಯ ಸ್ವಭಾವದ ನಮ್ಮ ನಿರೂಪಕ ಆಗ ಏನು ಮಾಡುತ್ತಾನೆ, ಅದಕ್ಕಿಂತ ಹೆಚ್ಚಾಗಿ ಏನು ಮಾಡುವುದಿಲ್ಲ ಎಂಬುದನ್ನು ಪುಸ್ತಕ ತೆರೆದು ಇನ್ನೊಮ್ಮೆ ನೋಡಿ. ಅಲ್ಲಿಂದ ಮುಂದೆ ಅವನ ಪ್ರತಿ ವಾಕ್ಯವನ್ನೂ ಅನುಮಾನದಿಂದ ಓದುವುದು ಅನಿವಾರ್ಯವಾಗುತ್ತದೆ.

ಇದನ್ನು ಗಮನಿಸದೆ ‘ಲೇಖಕರು ಹೆಂಗಸರನ್ನು ಜಗಳಗಂಟಿಯರಂತೆ ಚಿತ್ರಿಸಿದ್ದಾರೆ’ ಎಂದು ಬರೆದರೆ ನಿರೂಪಕನ ಲೆಕ್ಕವನ್ನು ಲೇಖಕರ ಖಾತೆಗೆ ಬರೆದಂತಾಯಿತು. ಹಾಗೆಂದು ಲೇಖಕರನ್ನು ಸದಾ ಪಾರು ಮಾಡಲೂ ಬೇಕಿಲ್ಲ. ನಿರೂಪಕನ ನೋಟ ಸರಿಯಿಲ್ಲ ಎಂಬ ಸುಳಿವು ಪುಸ್ತಕದಲ್ಲಿ ಎಲ್ಲಿಯೂ ಇಲ್ಲದಿದ್ದರೆ ಆಕ್ಷೇಪ ಲೇಖಕರಿಗೇ ಸಲ್ಲುತ್ತದೆ. ಸುಳಿವು ಎಲ್ಲಿದೆ ಅಥವಾ ಎಲ್ಲಿರಬೇಕಿತ್ತು ಎಂದು ಪುಟ ಹಿಡಿದು ತೋರಿಸಿ.

5. ಎರಡನೆಯ ಓದು

ಇಡೀ ಪುಸ್ತಕವನ್ನು ಮತ್ತೆ ಓದಲು ಸಮಯವಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೊದಲ ಅಧ್ಯಾಯ, ಕೊನೆಯ ಅಧ್ಯಾಯ, ಗುರುತು ಹಾಕಿದ ಜಾಗಗಳು. ಪ್ರಶ್ನೆ ಕೈಯಲ್ಲಿರುವುದರಿಂದ ಈಗ ಬೇರೆಯದೇ ಕಾಣುತ್ತದೆ. ನಿಮ್ಮ ಉತ್ತರಕ್ಕೆ ಎದುರು ನಿಲ್ಲುವ ಪುಟವನ್ನೂ ಹುಡುಕಿ. ಸಿಕ್ಕರೆ ಮುಚ್ಚಿಡಬೇಡಿ, ವಿಮರ್ಶೆಯಲ್ಲಿ ಅದಕ್ಕೂ ಜಾಗ ಕೊಡಿ.

6. ‘ಪ್ರಾದೇಶಿಕ ಸೊಗಡು’ ಎಂದು ಬರೆದು ಕೈತೊಳೆದುಕೊಳ್ಳಬೇಡಿ

ಭಾಷೆಯ ಬಗ್ಗೆ ನಾವು ಬರೆಯುವುದು ಸಾಮಾನ್ಯವಾಗಿ ಒಂದು ಸಾಲು, ಅದೂ ವಿಶೇಷಣಗಳ ಸಾಲು. ನೋಡಬೇಕಾದದ್ದು ಬೇರೆ. ಆಡುಮಾತು ಸಂಭಾಷಣೆಯಲ್ಲಿ ಮಾತ್ರ ಇದೆಯೇ, ನಿರೂಪಣೆಗೂ ಹರಡಿದೆಯೇ? ನಮ್ಮ ಬಹಳಷ್ಟು ಕಾದಂಬರಿಗಳಲ್ಲಿ ಪಾತ್ರಗಳು ತಮ್ಮ ಊರಿನ ಕನ್ನಡ ಆಡುತ್ತವೆ, ಲೇಖಕರು ಗ್ರಂಥದ ಕನ್ನಡದಲ್ಲಿ ಅವುಗಳ ಬಗ್ಗೆ ಹೇಳುತ್ತಾರೆ. ಈ ಏರ್ಪಾಟಿನಲ್ಲಿ ಹೇಳುವವರು ಒಂದು ಮೆಟ್ಟಿಲು ಮೇಲೆ ನಿಂತಿರುತ್ತಾರೆ. ದೇವನೂರ ಮಹಾದೇವರ ‘ಕುಸುಮಬಾಲೆ’ (1984) ಆ ಮೆಟ್ಟಿಲನ್ನು ಕಿತ್ತುಹಾಕಿತು. ಅಲ್ಲಿ ನಿರೂಪಣೆಯೂ ನಂಜನಗೂಡು ಸೀಮೆಯ ಮಾತಿನಲ್ಲೇ ಸಾಗುತ್ತದೆ. ಮನೆಯ ಮಂಚವೂ ಬಾಯಿ ತೆರೆದು ಕಥೆ ಹೇಳುತ್ತದೆ. ಮೊದಲ ಸಲ ಓದಿದಾಗ ಅನೇಕರಿಗೆ ಕಷ್ಟವಾಗುತ್ತದೆ. ವಿಮರ್ಶಕ ಆ ಕಷ್ಟವನ್ನು ಹೇಳಬೇಕು, ಆ ಕಷ್ಟದಿಂದ ಪುಸ್ತಕಕ್ಕೆ ದಕ್ಕಿದ್ದೇನು ಎಂದೂ ಹೇಳಬೇಕು. ಒಂದು ಪ್ಯಾರಾ ಎತ್ತಿಕೊಂಡು, ಅದನ್ನೇ ಗ್ರಂಥಭಾಷೆಗೆ ತಿರುಗಿಸಿ ಬರೆದು ನೋಡಿದರೆ ಕಳೆದುಹೋಗುವುದು ಏನೆಂದು ಗೊತ್ತಾಗುತ್ತದೆ. ಈ ಪ್ರಯೋಗವನ್ನು ನಿಮ್ಮ ಟಿಪ್ಪಣಿಯಲ್ಲಿ ಮಾಡಿ, ಫಲಿತಾಂಶವನ್ನು ಮಾತ್ರ ವಿಮರ್ಶೆಯಲ್ಲಿ ಬರೆಯಿರಿ.

ಅನುವಾದಿತ ಕಾದಂಬರಿಯಾದರೆ ಅನುವಾದಕರ ಹೆಸರು ಮೊದಲ ಪ್ಯಾರಾದಲ್ಲೇ ಇರಲಿ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದದ್ದು ಬಾನು ಮುಷ್ತಾಕ್ ಅವರಿಗೆ ಮಾತ್ರವಲ್ಲ, ಅನುವಾದಕಿ ದೀಪಾ ಭಾಸ್ತಿ ಅವರಿಗೂ. ಆ ಪ್ರಶಸ್ತಿಯ ಹಣವನ್ನೂ ಇಬ್ಬರಿಗೆ ಸಮನಾಗಿ ಹಂಚುತ್ತಾರೆ. ನಮ್ಮ ಪತ್ರಿಕೆಗಳಲ್ಲಿ ಮಾತ್ರ ಮಲಯಾಳಂನಿಂದಲೋ ಬಂಗಾಳಿಯಿಂದಲೋ ಕನ್ನಡಕ್ಕೆ ತಂದವರ ಹೆಸರು ಇಂದಿಗೂ ಕಂಸದೊಳಗೆ ಅಡಗಿರುತ್ತದೆ. ಮೂಲಭಾಷೆ ಗೊತ್ತಿಲ್ಲದಿದ್ದರೆ ‘ಮೂಲಕ್ಕೆ ನಿಷ್ಠವಾದ ಅನುವಾದ’ ಎಂದು ಪ್ರಮಾಣಪತ್ರ ಕೊಡಬೇಡಿ. ಕನ್ನಡದ ವಾಕ್ಯ ಕನ್ನಡದಂತೆ ಕೇಳಿಸುತ್ತದೆಯೇ ಎಂದಷ್ಟೇ ಹೇಳಿ.

7. ಕಾದಂಬರಿಯ ಕಾಲ, ನಿಮ್ಮ ಕಾಲ

ಹಳೆಯ ಕಾದಂಬರಿಯ ಬಗ್ಗೆ ಬರೆಯುವಾಗ ಕೈಯಲ್ಲಿರುವ ಪ್ರತಿಯ ಮರುಮುದ್ರಣದ ವರ್ಷವನ್ನಲ್ಲ, ಮೊದಲ ಪ್ರಕಟಣೆಯ ವರ್ಷವನ್ನು ನೋಡಿ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರದು, ಕಾರಂತರ ‘ಚೋಮನ ದುಡಿ’ 1933ರದು. ವಿಧವಾ ವಿವಾಹದ ಮಾತು ಆಡುವುದೇ ಸಾಹಸವಾಗಿದ್ದ ಕಾಲದ ‘ಇಂದಿರಾಬಾಯಿ’ಯಂಥ ಪುಸ್ತಕಕ್ಕೆ ‘ಉಪದೇಶದ ಧಾಟಿ ಹೆಚ್ಚಾಯಿತು’ ಎಂದು ಹೇಳುವಾಗ, ಆ ಉಪದೇಶದ ಅಗತ್ಯ ಆಗ ಯಾರಿಗಿತ್ತು ಎಂಬುದೂ ಪಕ್ಕದಲ್ಲಿರಬೇಕು. ಇನ್ನೊಂದೆಡೆ, ಉಳಲು ತುಂಡು ಭೂಮಿ ಬಯಸಿದ ದಲಿತ ಚೋಮನ ಕಥೆಯನ್ನು ಇಂದು ಓದುವವರು ‘ಇದನ್ನು ಚೋಮನ ಓಣಿಯವರೇ ಬರೆದಿದ್ದರೆ ಹೇಗಿರುತ್ತಿತ್ತು?’ ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಎರಡೂ ಪ್ರಶ್ನೆಗಳಿಗೆ ಒಂದೇ ವಿಮರ್ಶೆಯಲ್ಲಿ ಜಾಗವಿದೆ.

ಕಾದಂಬರಿಯನ್ನು ಸಮಾಜದ ವರದಿಯಂತೆ ಓದುವ ಅಪಾಯವೂ ಇಲ್ಲಿಯೇ ಕಾದಿರುತ್ತದೆ. ಅನಂತಮೂರ್ತಿಯವರ ‘ಸಂಸ್ಕಾರ’ (1965) ಎ.ಕೆ. ರಾಮಾನುಜನ್ ಅವರ ಅನುವಾದದಲ್ಲಿ 1976ರಲ್ಲಿ ಇಂಗ್ಲಿಷಿಗೆ ಹೋಯಿತು. ಮರುವರ್ಷವೇ ಬಂದ ತಮ್ಮ ಭಾರತದ ಕುರಿತ ಪುಸ್ತಕದಲ್ಲಿ ವಿ.ಎಸ್. ನೈಪಾಲ್ ಈ ಕಾದಂಬರಿಯ ನಾಯಕ ಪ್ರಾಣೇಶಾಚಾರ್ಯರನ್ನು ಮುಂದಿಟ್ಟುಕೊಂಡು ಇಡೀ ಹಿಂದೂ ಸಮಾಜದ ಮನಸ್ಸಿನ ಬಗ್ಗೆ ಮಾತಾಡಿದರು. ಆದರೆ ದೂರ್ವಾಸಪುರದ ಅಗ್ರಹಾರ ಲೇಖಕ ಕಟ್ಟಿದ ಅಗ್ರಹಾರ. ಕೊಳೆಯುತ್ತಿರುವ ಹೆಣ, ಸಾಯುವ ಇಲಿಗಳು, ಸುತ್ತುತ್ತಿರುವ ಹದ್ದುಗಳು ಯಾವ ಕ್ರಮದಲ್ಲಿ ಬರಬೇಕೆಂದು ಅಲ್ಲಿ ಯಾರೋ ತೀರ್ಮಾನಿಸಿದ್ದಾರೆ. ಆ ತೀರ್ಮಾನದ ಬಗ್ಗೆ ಬರೆಯದೆ ಸಮಾಜದ ಬಗ್ಗೆ ಮಾತ್ರ ಬರೆದರೆ ಅದಕ್ಕೆ ಕಾದಂಬರಿಯೇ ಬೇಕಿರಲಿಲ್ಲ.

8. ಕಥೆಯನ್ನು ಎಷ್ಟು ಹೇಳಬೇಕು?

ಒಟ್ಟು ಬರಹದ ಐದನೆಯ ಒಂದು ಭಾಗ ಮೀರದಿರಲಿ. ನಾಲ್ಕಕ್ಕಿಂತ ಹೆಚ್ಚು ಪಾತ್ರಗಳ ಹೆಸರು ಬಂದರೆ ಪುಸ್ತಕ ಓದದವರು ಕೈಚೆಲ್ಲುತ್ತಾರೆ. ‘ನಂತರ’, ‘ಆಮೇಲೆ’, ‘ಇತ್ತ’ ಎಂಬ ಪದಗಳು ಸಾಲಾಗಿ ಬರತೊಡಗಿದರೆ ನೀವು ವಿಮರ್ಶೆ ಬಿಟ್ಟು ಕಥಾಸಾರಕ್ಕೆ ಇಳಿದಿದ್ದೀರಿ ಎಂದರ್ಥ.

ಕೊನೆಯನ್ನು ಬಿಟ್ಟುಕೊಡಬೇಕೇ? ನಾಲ್ಕು ದಶಕಗಳಿಂದ ಓದಿಸಿಕೊಳ್ಳುತ್ತಿರುವ ‘ಕರ್ವಾಲೊ’ದಲ್ಲಿ ಹಾರುವ ಓತಿ ಕೈಗೆ ಸಿಗದೆ ಕಣಿವೆಗೆ ತೇಲಿಹೋಗುತ್ತದೆ ಎಂದು ಹೇಳುವುದರಿಂದ ಯಾರಿಗೂ ನಷ್ಟವಿಲ್ಲ, ಹೇಳದಿದ್ದರೆ ಆ ಕಾದಂಬರಿಯ ಬಗ್ಗೆ ಗಂಭೀರವಾಗಿ ಬರೆಯುವುದೂ ಕಷ್ಟ. ‘ಘಾಚರ್ ಘೋಚರ್’ ವಿಷಯ ಬೇರೆ. ಅದರ ಬಲವೆಲ್ಲ ಕೊನೆಯ ಪುಟಗಳಲ್ಲಿ ಬಿಗಿಯುವ ಆತಂಕದಲ್ಲಿದೆ, ಹಾಗಾಗಿ ಮೇಲೆ ಅದರ ಬಗ್ಗೆ ಬರೆಯುವಾಗ ನಾನು ಬಾಗಿಲಿಗೆ ಬಂದ ಹೆಂಗಸಿನ ಪ್ರಸಂಗಕ್ಕೇ ನಿಂತೆ. ಕೊನೆಯನ್ನು ಹೇಳದೆಯೇ ಕೊನೆಯ ಪರಿಣಾಮವನ್ನು ಹೇಳಬೇಕೆಂದರೆ ಅದಕ್ಕೆ ತಯಾರಿ ನಡೆಸುವ ಒಂದು ಹಿಂದಿನ ದೃಶ್ಯವನ್ನು ಆರಿಸಿಕೊಳ್ಳಿ.

9. ಬರೆಯಲು ಕೂತಾಗ

ಲೇಖಕರ ಹುಟ್ಟೂರು, ಪ್ರಶಸ್ತಿ, ಈವರೆಗಿನ ಕೃತಿಗಳ ಪಟ್ಟಿಯಿಂದ ಆರಂಭಿಸಬೇಡಿ. ಪುಸ್ತಕದ ವಿವರಗಳನ್ನು (ಶೀರ್ಷಿಕೆ, ಲೇಖಕರು, ಪ್ರಕಾಶಕರು, ವರ್ಷ, ಪುಟ, ಬೆಲೆ) ಪ್ರತ್ಯೇಕವಾಗಿ ಕೊಡಿ. ಬರಹ ನಿಮ್ಮ ಪ್ರಶ್ನೆಯಿಂದಲೋ ಒಂದು ದೃಶ್ಯದಿಂದಲೋ ತೊಡಗಲಿ. ಇದು ಸಾಧಾರಣವಾಗಿ ಕಾಣಸಿಗುವ ಆರಂಭ:

“ಕನ್ನಡದ ಅಗ್ರಗಣ್ಯ ಲೇಖಕರಲ್ಲಿ ಒಬ್ಬರಾದ ತೇಜಸ್ವಿಯವರ ‘ಕರ್ವಾಲೊ’ ಒಂದು ವಿಶಿಷ್ಟ ಕಾದಂಬರಿ. ಮಲೆನಾಡಿನ ಪರಿಸರವನ್ನು ಅದ್ಭುತವಾಗಿ ಕಟ್ಟಿಕೊಡುವ ಈ ಕೃತಿ ವಿಜ್ಞಾನ ಮತ್ತು ಸಾಹಿತ್ಯದ ಸಂಗಮವಾಗಿದೆ.”

ಮೊದಲು ಹೇಳಿದ ಪರೀಕ್ಷೆ ಮಾಡಿ ನೋಡಿ. ತೇಜಸ್ವಿಯವರದೇ ಇನ್ನೆರಡು ಪುಸ್ತಕಗಳ ಹೆಸರನ್ನು ಇಲ್ಲಿ ಹಾಕಬಹುದು. ಈಗ ಇದನ್ನು ನೋಡಿ:

“ಹಾರುವ ಓತಿಯನ್ನು ಹುಡುಕಿ ಹೊರಟ ತಂಡದಲ್ಲಿ ವಿಜ್ಞಾನಿ ಎನಿಸಿಕೊಂಡವರು ಕರ್ವಾಲೊ. ಉಳಿದವರು ಒಬ್ಬ ಕೃಷಿಕ, ಬಿರಿಯಾನಿಗೆ ಹೆಸರಾದ ಕರಿಯಪ್ಪ, ಕಿವಿ ಎಂಬ ನಾಯಿ, ಮತ್ತು ಕೇಸಿನಲ್ಲಿ ಸಿಕ್ಕಿಕೊಂಡು ಬಂದ ಮಂದಣ್ಣ ಮೊದಲಾದವರು. ಜಗತ್ತೇ ಬೆರಗಾಗುವಂಥ ಶೋಧಕ್ಕೆ ಇಂಥ ತಂಡ ಸಾಕೇ ಎಂದು ನಮಗೆ ನಗು ಬರುತ್ತದೆ. ಆ ನಗುವನ್ನೇ ತೇಜಸ್ವಿ ನಿಧಾನವಾಗಿ ನಮ್ಮ ಕಡೆಗೆ ತಿರುಗಿಸುತ್ತಾರೆ.”

ಎರಡನೆಯದರಲ್ಲಿ ಒಂದೂ ಹೊಗಳಿಕೆಯ ಪದವಿಲ್ಲ. ಆದರೂ ಬರೆದವರಿಗೆ ಪುಸ್ತಕ ಇಷ್ಟವಾಗಿದೆ ಎಂದು ತಿಳಿಯುತ್ತದೆ, ಮುಂದೆ ಓದಬೇಕೆನಿಸುತ್ತದೆ. ಕೊನೆಯ ವಾಕ್ಯದ ಮಾತನ್ನು ಮುಂದಿನ ಪ್ಯಾರಾಗಳಲ್ಲಿ ಸಾಧಿಸಿ ತೋರಿಸುವ ಹೊಣೆಯೂ ಬಂತು. ಅಲ್ಲಿಂದ ಮುಂದೆ ಒಂದು ಪ್ಯಾರಾಕ್ಕೆ ಒಂದು ಮಾತು, ಪ್ರತಿ ಮಾತಿಗೂ ಪುಸ್ತಕದಿಂದ ಒಂದು ಸಾಕ್ಷಿ. ಉದ್ಧರಣೆ ಎರಡು ಮೂರು ಸಾಲು ಮೀರದಿರಲಿ. ಉದ್ಧರಿಸಿದ ಮೇಲೆ ಅದರಲ್ಲಿ ನೀವು ಏನನ್ನು ಕಂಡಿರಿ ಎಂದು ಹೇಳಿ. ಉದ್ಧರಣೆ ಕೊಟ್ಟು ‘ಎಂಥ ಸುಂದರ ಸಾಲು!’ ಎಂದು ಮುಂದೆ ಹೋಗುವುದು ಓದುಗರ ಮೇಲೆ ಕೆಲಸ ಹೊರಿಸಿದಂತೆ.

ಸಣ್ಣದಾದರೂ ಬೇಕಾದ ಒಂದು ಮಾತು: ಗೌರವದ ಬಹುವಚನ. ಲೇಖಕರಿಗೆ ಆರಂಭದಿಂದ ಕೊನೆಯವರೆಗೆ ಒಂದೇ ರೀತಿ ಬಳಸಿ. ಪಾತ್ರಗಳಿಗೆ ಪುಸ್ತಕ ಹೇಗೆ ಬಳಸಿದೆಯೋ ಹಾಗೆ. ಮಂದಣ್ಣ ಬರುತ್ತಾನೆ, ಕರ್ವಾಲೊ ಬರುತ್ತಾರೆ. ಯಾರಿಗೆ ಏಕವಚನ, ಯಾರಿಗೆ ಬಹುವಚನ ಎಂಬ ಆಯ್ಕೆಯಲ್ಲೂ ನಿರೂಪಕನ ಮನಸ್ಸು ಕಾಣುತ್ತದೆ, ಅದನ್ನೂ ವಿಮರ್ಶೆಗೆ ಬಳಸಿಕೊಳ್ಳಬಹುದು. ಲೇಖಕಿಯರ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ತ್ರಿವೇಣಿಯವರ ‘ಶರಪಂಜರ’ದಂಥ ಕಾದಂಬರಿ ಮನೋರೋಗದಿಂದ ಗುಣವಾಗಿ ಬಂದವಳನ್ನು ಮನೆ ಮತ್ತು ನೆರೆಹೊರೆ ಹೇಗೆ ನೋಡುತ್ತವೆ ಎಂಬುದನ್ನು ಎದುರಿಸುತ್ತದೆ. ಅದನ್ನು ‘ಹೆಣ್ಣಿನ ಅಂತರಂಗದ ತುಮುಲ’ ಎಂಬ ಸವೆದ ಪದಗುಚ್ಛದಲ್ಲಿ ಕಟ್ಟಿಡುವುದು ಸೋಮಾರಿತನ. ಗಂಡಸರು ಬರೆದ ಕಾದಂಬರಿಗೆ ‘ಗಂಡಿನ ಅಂತರಂಗದ ತುಮುಲ’ ಎಂದು ಯಾರೂ ಬರೆದದ್ದನ್ನು ನಾನು ಕಂಡಿಲ್ಲ.

10. ತಕರಾರು ತೆಗೆಯುವುದು, ಮತ್ತು ಗೆಳೆಯರ ಪುಸ್ತಕ

ದೋಷ ಹೇಳುವಾಗ ಒಂದು ಕ್ರಮ ಇಟ್ಟುಕೊಳ್ಳಿ: ಕಾದಂಬರಿ ಏನು ಮಾಡಲು ಹೊರಟಿತ್ತು, ಎಲ್ಲಿ ತಲುಪಲಿಲ್ಲ, ಯಾವ ಪುಟದಲ್ಲಿ ಅದು ಗೊತ್ತಾಗುತ್ತದೆ. ಪತ್ತೇದಾರಿ ಕಾದಂಬರಿಯಲ್ಲಿ ತತ್ತ್ವಚಿಂತನೆ ಸಾಲದು ಎಂದು ದೂರುವುದು ವಿಮರ್ಶೆಯಲ್ಲ, ಅದು ಬೇರೆ ಪುಸ್ತಕ ಬೇಕೆಂಬ ಬೇಡಿಕೆ.

ವಿಚಾರದ ಭಿನ್ನಾಭಿಪ್ರಾಯ ಇದ್ದಾಗ ಕೈ ಇನ್ನಷ್ಟು ನಡುಗುತ್ತದೆ. ಭೈರಪ್ಪನವರ ‘ಆವರಣ’ 2007ರಲ್ಲಿ ಬಂದಾಗ ಪರ-ವಿರೋಧದ ದೊಡ್ಡ ಗದ್ದಲವೇ ಆಯಿತು. ಆ ಗದ್ದಲದಲ್ಲಿ ಹಿಂದೆ ಉಳಿದ ಸಂಗತಿಯೊಂದಿದೆ: ಅದು ಕಾದಂಬರಿಯೊಳಗೆ ಇನ್ನೊಂದು ಕಾದಂಬರಿ ಇರುವ ಕೃತಿ, ನಾಯಕಿಯೇ ಒಳಗಿನ ಐತಿಹಾಸಿಕ ಕಥೆಯನ್ನು ಬರೆಯುತ್ತಾಳೆ. ಒಳಗಿನ ಕಥೆ ಮತ್ತು ಹೊರಗಿನ ಕಥೆ ಒಂದನ್ನೊಂದು ಪ್ರಶ್ನಿಸುತ್ತವೆಯೋ, ಬರೀ ಬೆಂಬಲಿಸುತ್ತವೆಯೋ? ಎದುರು ಪಕ್ಷದ ಪಾತ್ರಗಳಿಗೆ ಗಟ್ಟಿಯಾದ ವಾದ ಸಿಕ್ಕಿದೆಯೋ, ಸೋಲಲೆಂದೇ ಅವುಗಳನ್ನು ನಿಲ್ಲಿಸಲಾಗಿದೆಯೋ? ಇವು ಕಾದಂಬರಿಯ ಪ್ರಶ್ನೆಗಳು. ಲೇಖಕರ ರಾಜಕೀಯವನ್ನು ಒಪ್ಪುವವರೂ ಒಪ್ಪದವರೂ ಇವಕ್ಕೆ ಪುಟ ತೆರೆದು ಉತ್ತರಿಸಬಹುದು. ಒಪ್ಪುವ ಲೇಖಕರಿಗೂ ಇದೇ ಪ್ರಶ್ನೆಗಳನ್ನು ಕೇಳುತ್ತೀರಾ ಎಂಬುದರಲ್ಲಿ ನಿಮ್ಮ ಪ್ರಾಮಾಣಿಕತೆ ಗೊತ್ತಾಗುತ್ತದೆ.

ಇನ್ನು ಗೆಳೆಯರ ಪುಸ್ತಕ. ಕನ್ನಡದ ಸಾಹಿತ್ಯಲೋಕ ಚಿಕ್ಕದು. ಲೇಖಕರು ನಿಮ್ಮ ಊರಿನವರೋ, ನಿಮ್ಮ ಪುಸ್ತಕಕ್ಕೆ ಬೆನ್ನುಡಿ ಬರೆದವರೋ, ಮುಂದಿನ ಬಹುಮಾನ ಸಮಿತಿಯಲ್ಲಿ ಕೂರುವವರೋ ಆಗಿರುತ್ತಾರೆ. ಬಿಡುಗಡೆ ಸಮಾರಂಭದ ಭಾಷಣವನ್ನೇ ಸ್ವಲ್ಪ ತಿದ್ದಿ ವಿಮರ್ಶೆ ಎಂದು ಅಚ್ಚು ಹಾಕಿಸುವ ಪರಿಪಾಠವೂ ಇದೆ. ಆಪ್ತರ ಪುಸ್ತಕವಾದರೆ ಬರೆಯಬೇಡಿ ಎನ್ನುವುದೇ ನನ್ನ ಸಲಹೆ. ಬರೆಯಲೇಬೇಕಾಗಿ ಬಂದರೆ ಸಂಬಂಧವನ್ನು ಒಂದು ವಾಕ್ಯದಲ್ಲಿ ತಿಳಿಸಿಬಿಡಿ. ಮೊದಲ ಪುಸ್ತಕ ಬರೆದವರ ಬಗ್ಗೆ ಮೃದುವಾಗಿರಬಹುದು, ಸುಳ್ಳು ಹೇಳಬೇಕಾಗಿಲ್ಲ. ನಕ್ಷತ್ರಗಳನ್ನು ಎಣಿಸಿ ಕೊಡುವ ಪದ್ಧತಿಯ ಬಗ್ಗೆ ನನಗೆ ಹೇಳಲು ಹೆಚ್ಚೇನಿಲ್ಲ. ಐದಕ್ಕೆ ಮೂರೂವರೆ ಎಂದರೆ ಏನು ಕಡಿಮೆಯಾಯಿತು ಎಂದು ಯಾರಿಗೂ ತಿಳಿಯುವುದಿಲ್ಲ.

11. ತಿದ್ದಿ, ಕಳುಹಿಸಿ

ಬರೆದದ್ದನ್ನು ಒಂದೆರಡು ದಿನ ಹಾಗೇ ಬಿಟ್ಟು, ಗಟ್ಟಿಯಾಗಿ ಓದಿಕೊಳ್ಳಿ. ಅದ್ಭುತ, ಮನಮುಟ್ಟುವ, ವಿಭಿನ್ನ, ಕಟ್ಟಿಕೊಡುತ್ತದೆ, ತೆರೆದಿಡುತ್ತದೆ, ಓದಿಸಿಕೊಂಡು ಹೋಗುತ್ತದೆ: ಇವು ಸಿಕ್ಕಲ್ಲೆಲ್ಲ ನಿಂತು, ಆ ಜಾಗದಲ್ಲಿ ನಿಜವಾಗಿ ಹೇಳಬೇಕಿದ್ದದ್ದು ಏನು ಎಂದು ಕೇಳಿಕೊಳ್ಳಿ. ‘ಓದಿಸಿಕೊಂಡು ಹೋಗುತ್ತದೆ’ ಎಂದು ಬರೆದಿದ್ದರೆ, ಯಾವ ಪುಟದಲ್ಲಿ ಕೆಳಗಿಡಲು ಮನಸ್ಸಾಗಲಿಲ್ಲ, ಏಕೆ ಎಂದು ಬದಲಾಯಿಸಿ. ಪಾತ್ರಗಳ ಹೆಸರು, ಊರು, ಸಂಬಂಧಗಳನ್ನು ಪುಸ್ತಕ ತೆರೆದು ತಾಳೆ ನೋಡಿ. ನಾಯಕಿಯ ಅತ್ತೆಯನ್ನು ತಾಯಿ ಮಾಡಿದ ವಿಮರ್ಶೆಯ ಉಳಿದ ಮಾತನ್ನು ಯಾರೂ ನಂಬುವುದಿಲ್ಲ. ಉದ್ಧರಣೆಗಳನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ.

ಪತ್ರಿಕೆಗೆ ಕಳುಹಿಸುವುದಾದರೆ ಅವರ ಪದಮಿತಿಯನ್ನು ಮೊದಲೇ ಕೇಳಿಕೊಳ್ಳಿ. ನಾನೂರು ಪದ ಕೇಳಿದ ಕಡೆಗೆ ಸಾವಿರ ಪದ ಕಳುಹಿಸಿದರೆ ಕತ್ತರಿ ಬೀಳುವುದು ನಿಮ್ಮ ಅತ್ಯುತ್ತಮ ಪ್ಯಾರಾಕ್ಕೇ. ‘ನುಡಿ’ ತಂತ್ರಾಂಶದ ಫಾಂಟಿನಲ್ಲಿ ಬೇಕೋ ಯೂನಿಕೋಡಿನಲ್ಲಿ ಬೇಕೋ ಎಂದು ವಿಚಾರಿಸಿ. ಪರಿವರ್ತಿಸಿದ ಮೇಲೆ ಒತ್ತಕ್ಷರಗಳು ಮತ್ತು ಅರ್ಕಾವತ್ತು ಸರಿಯಾಗಿ ಉಳಿದಿವೆಯೇ ಎಂದು ಇನ್ನೊಮ್ಮೆ ನೋಡಿ.

ಪ್ರಕಟವಾದ ಮೇಲೆ ಲೇಖಕರಿಂದ ಕರೆ ಬರಬಹುದು. ಸಂಗತಿ ತಪ್ಪಾಗಿದೆ ಎಂದರೆ ಪುಸ್ತಕ ತೆರೆದು ನೋಡಿ, ತಪ್ಪಿದ್ದರೆ ತಿದ್ದುಪಡಿ ಕಳುಹಿಸಿ. ನೀವು ತಮ್ಮ ಕೃತಿಯನ್ನು ಅರ್ಥಮಾಡಿಕೊಂಡಿಲ್ಲ ಎಂದರೆ ಕೇಳಿಸಿಕೊಳ್ಳಿ, ಪುಟ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ವಿಮರ್ಶೆಯನ್ನು ಹಿಂತೆಗೆದುಕೊಳ್ಳುವ ಅಗತ್ಯವಿಲ್ಲ.